ವೀರ್ಯವನ್ನು ‘ವಾಶ್’ ಮಾಡಿದ ಮೇಲೆ ವೀರ್ಯಾಣುಗಳ ಸಂಖ್ಯೆ ಏಕೆ ಇಳಿಯುತ್ತದೆ?

ಪ್ರಶ್ನೆ: ಮದುವೆಯಾಗಿ ನಾಲ್ಕು ವರ್ಷಗಳಾದರೂ ಮಕ್ಕಳಾಗದ ಕಾರಣ ಕಳೆದ ತಿಂಗಳು ನಮಗೆ ಐಯುಐ (ಶೋಧಿಸಿದ, ಅಂದರೆ ‘ವಾಶ್’ ಮಾಡಿದ ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ) ಚಿಕಿತ್ಸೆ ನಡೆಯಿತು. ಅಂದಿನ ವರದಿಯಲ್ಲಿ ನನ್ನ ಪತಿಯ ವೀರ್ಯದ ಪ್ರಮಾಣ 2.5 ಮಿ.ಲೀ., ವೀರ್ಯಾಣುಗಳ ಸಾಂದ್ರತೆ ಮಿ.ಲೀ.ಗೆ 24 ಮಿಲಿಯನ್, ಮುನ್ನಡೆಯುವ ಚಲನೆ ಶೇ. 36 ಎಂದಿತ್ತು. ವಾಶ್ ಮಾಡಿದ ಮೇಲೆ ಉಳಿದ 0.5 ಮಿ.ಲೀ.ನಲ್ಲಿ ಮಿ.ಲೀ.ಗೆ 14 ಮಿಲಿಯನ್, ಚಲನೆ ಶೇ. 92 ಎಂದು ಬರೆದಿದ್ದರು. ಅಷ್ಟೊಂದು ವೀರ್ಯಾಣುಗಳು ಎಲ್ಲಿ ಹೋದವು? ನಮಗೆ ಬಳಸಿದ್ದು ಗ್ರೇಡಿಯೆಂಟ್ ವಿಧಾನ. ಪರಿಚಯದವರೊಬ್ಬರಿಗೆ ಸ್ವಿಮ್-ಅಪ್ ಮಾಡಿದರಂತೆ. ಈಗ ಚಿಪ್ ಬಳಸುವ ಹೊಸ ವಿಧಾನವೂ ಇದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಒಳ್ಳೆಯದು, ಮುಂದಿನ ಬಾರಿ ನಾವು ಯಾವುದನ್ನು ಕೇಳಬೇಕು?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಕಾರಣವಾದ ಅಂಕಿಗಳನ್ನೇ ನೋಡೋಣ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. 2.5 ಮಿ.ಲೀ. ವೀರ್ಯದಲ್ಲಿ ಮಿ.ಲೀ.ಗೆ 24 ಮಿಲಿಯನ್‌ನಂತೆ ಒಟ್ಟು 60 ಮಿಲಿಯನ್ ವೀರ್ಯಾಣುಗಳಿದ್ದವು. ಅವುಗಳ ಪೈಕಿ ಮುಂದಕ್ಕೆ ಈಜುವ ಶಕ್ತಿಯಿದ್ದವು ಶೇ. 36, ಅಂದರೆ 21.6 ಮಿಲಿಯನ್. ವಾಶ್ ಆದ ಮೇಲೆ ದೊರೆತ ಅರ್ಧ ಮಿ.ಲೀ.ನಲ್ಲಿ ಒಟ್ಟು 7 ಮಿಲಿಯನ್ ವೀರ್ಯಾಣುಗಳಿದ್ದು, ಅವುಗಳಲ್ಲಿ ಸುಮಾರು 6.4 ಮಿಲಿಯನ್ ಮುಂದಕ್ಕೆ ಈಜುವಂಥವು. ಆದ್ದರಿಂದ ನೀವು ಹೋಲಿಸಬೇಕಾದದ್ದು 60 ಮತ್ತು 7ನ್ನಲ್ಲ, 21.6 ಮತ್ತು 6.4ನ್ನು. ಈಜಬಲ್ಲ ವೀರ್ಯಾಣುಗಳಲ್ಲಿ ಶೇ. 30ರಷ್ಟನ್ನು ಪ್ರಯೋಗಾಲಯದವರು ಉಳಿಸಿಕೊಂಡಿದ್ದಾರೆ. ಡೆನ್ಸಿಟಿ ಗ್ರೇಡಿಯೆಂಟ್ ವಿಧಾನದಲ್ಲಿ ಈ ಗಳಿಕೆ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚಿರುತ್ತದೆ, ಸ್ವಿಮ್-ಅಪ್‌ನಲ್ಲಿ ಅದಕ್ಕಿಂತ ಕಡಿಮೆಯಿರುತ್ತದೆ. ನಿಮ್ಮ ವರದಿಯಲ್ಲಿ ತಪ್ಪು ನಡೆದ ಲಕ್ಷಣ ಯಾವುದೂ ಇಲ್ಲ. ಉಳಿದವುಗಳಲ್ಲಿ ಬಹುಪಾಲು ಸತ್ತವು, ನಿಂತಲ್ಲೇ ಮಿಸುಕುವಂಥವು, ಇನ್ನೂ ಬಲಿಯದವು. ಈಜಬಲ್ಲವೂ ಸಾಕಷ್ಟು ದಾರಿಯಲ್ಲಿ ನಷ್ಟವಾಗಿರುತ್ತವೆ. ನಷ್ಟವೇ ಇಲ್ಲದ ವಿಧಾನ ಯಾವುದೂ ಇಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ‘ವಾಶ್’ ಎಂಬ ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಪ್ರಯೋಗಾಲಯದಲ್ಲಿ ನಾವು ಮಾಡುವ ಯಾವ ಕೆಲಸವೂ ಕೆಟ್ಟ ವೀರ್ಯಾಣುವನ್ನು ಒಳ್ಳೆಯದಾಗಿಸುವುದಿಲ್ಲ, ನಿಧಾನವಾಗಿ ಈಜುವುದಕ್ಕೆ ವೇಗ ಕೊಡುವುದಿಲ್ಲ. ಇರುವವುಗಳಲ್ಲಿ ಯೋಗ್ಯವಾದವನ್ನು, ಅವಕ್ಕೆ ಆದಷ್ಟು ಕಡಿಮೆ ಪೆಟ್ಟಾಗುವಂತೆ, ಬೇರ್ಪಡಿಸುವುದಷ್ಟೇ ನಮ್ಮ ಕೈಯಲ್ಲಿರುವುದು. ಶೇ. 36 ಇದ್ದ ಚಲನೆ ಶೇ. 92ಕ್ಕೆ ಏರಿದ್ದು ಚಿಕಿತ್ಸೆಯಿಂದ ಬಂದ ಸುಧಾರಣೆಯಲ್ಲ, ಆಯ್ಕೆಯ ಫಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ವಿಧಾನ ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ.

ವೀರ್ಯವನ್ನು ಹಾಗೆಯೇ ಗರ್ಭಕೋಶಕ್ಕೆ ಏಕೆ ಸೇರಿಸಬಾರದು ಎಂದು ಕೆಲವರು ಕೇಳುವುದುಂಟು. ಸಹಜ ಮಿಲನದಲ್ಲಿ ವೀರ್ಯ ಯೋನಿಯಲ್ಲಿ ಉಳಿಯುತ್ತದೆ. ಗರ್ಭಕಂಠದ ಲೋಳೆಯನ್ನು ಈಜಿ ದಾಟಬಲ್ಲ ವೀರ್ಯಾಣುಗಳು ಮಾತ್ರ ಮೇಲೇರುತ್ತವೆ, ದ್ರವಭಾಗ ಹಿಂದೆಯೇ ಉಳಿಯುತ್ತದೆ. ಐಯುಐನಲ್ಲಿ ನಾವು ಸಪೂರ ನಳಿಕೆಯ ಮೂಲಕ ಆ ಲೋಳೆಯ ಕಾವಲನ್ನು ದಾಟಿ ನೇರವಾಗಿ ಗರ್ಭಕೋಶದೊಳಗೆ ಹೋಗುತ್ತೇವೆ, ಆದ್ದರಿಂದ ಲೋಳೆ ಮಾಡಬೇಕಿದ್ದ ಶೋಧನೆಯನ್ನು ನಾವೇ ಮಾಡಬೇಕಾಗುತ್ತದೆ. ವೀರ್ಯದ ದ್ರವಭಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹೇರಳವಾಗಿವೆ. ಅವು ಗರ್ಭಕೋಶವನ್ನು ಸೇರಿದರೆ ತೀವ್ರವಾದ ಸೆಳೆತ ಮತ್ತು ನೋವು ಉಂಟಾಗಬಹುದು. ಬ್ಯಾಕ್ಟೀರಿಯಾಗಳು ಒಳಸೇರಿ ಸೋಂಕಾಗುವ ಅಪಾಯವೂ ಇದೆ.

ಇದಕ್ಕಿಂತ ಸೂಕ್ಷ್ಮವಾದ ಕಾರಣ ಮತ್ತೊಂದಿದೆ. ಆಗತಾನೆ ಹೊರಬಂದ ವೀರ್ಯಾಣುವಿಗೆ ಅಂಡಾಣುವನ್ನು ಭೇದಿಸುವ ಸಾಮರ್ಥ್ಯ ಇರುವುದಿಲ್ಲ. ಹೆಣ್ಣಿನ ಜನನಾಂಗದ ಒಳಗೆ ಕೆಲವು ಗಂಟೆಗಳನ್ನು ಕಳೆದ ಮೇಲಷ್ಟೇ ಅದು ಬರುತ್ತದೆ ಎಂಬುದನ್ನು 1951ರಲ್ಲಿ ಆಸ್ಟಿನ್ ಮತ್ತು ಚಾಂಗ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಪ್ರತ್ಯೇಕವಾಗಿ ಕಂಡುಕೊಂಡರು. ಕೆಪ್ಯಾಸಿಟೇಶನ್ ಎಂದು ಕರೆಯುವ ಈ ಬದಲಾವಣೆಯಲ್ಲಿ ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲ್ ಕಳಚಿಕೊಳ್ಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಬಾಲದ ಬಡಿತ ಬಿರುಸಾಗುತ್ತದೆ. ವೀರ್ಯದ ದ್ರವಭಾಗ ಇದನ್ನು ತಡೆದು ಹಿಡಿಯುತ್ತದೆ. ಆ ದ್ರವವನ್ನು ತೆಗೆದು, ಆಲ್ಬುಮಿನ್ ಮತ್ತು ಬೈಕಾರ್ಬೊನೇಟ್ ಇರುವ ಪೋಷಕ ದ್ರಾವಣಕ್ಕೆ ವೀರ್ಯಾಣುಗಳನ್ನು ವರ್ಗಾಯಿಸಿದಾಗ ತಡೆ ಕಳಚಿ ಈ ಪ್ರಕ್ರಿಯೆ ಆರಂಭವಾಗುತ್ತದೆ. 1978ರಲ್ಲಿ ಮೊದಲ ಐವಿಎಫ್ ಮಗು (ಪ್ರನಾಳ ಶಿಶು) ಹುಟ್ಟುವುದಕ್ಕೆ ಮುಂಚಿನ ಎರಡು ದಶಕಗಳಿಗೂ ಹೆಚ್ಚಿನ ಅಧ್ಯಯನದಲ್ಲಿ ಈ ತಿಳಿವಳಿಕೆ ಒಂದು ಮುಖ್ಯ ಮೆಟ್ಟಿಲಾಗಿತ್ತು.

ವೀರ್ಯದಲ್ಲಿ ವೀರ್ಯಾಣುಗಳ ಜೊತೆಗೆ ಬಿಳಿ ರಕ್ತಕಣಗಳು, ಸತ್ತ ಜೀವಕೋಶಗಳ ಚೂರುಗಳು, ಬಲಿಯದ ವೀರ್ಯಾಣುಗಳು ಕೂಡ ಇರುತ್ತವೆ. ಬಿಳಿ ರಕ್ತಕಣಗಳೂ, ದೋಷವಿರುವ ವೀರ್ಯಾಣುಗಳೂ ಉಗ್ರಸ್ವಭಾವದ ಆಮ್ಲಜನಕದ ಕಣಗಳನ್ನು ಹೊರಸೂಸುತ್ತವೆ. ಅವು ಪಕ್ಕದ ಆರೋಗ್ಯವಂತ ವೀರ್ಯಾಣುವಿನ ಪೊರೆಯನ್ನೂ ಅದರೊಳಗಿನ ಡಿಎನ್‌ಎಯನ್ನೂ ಹಾಳುಗೆಡಹುತ್ತವೆ. ಆದ್ದರಿಂದ ಬೇರ್ಪಡಿಸುವಷ್ಟೇ ಮುಖ್ಯವಾದದ್ದು, ಬೇಗ ಬೇರ್ಪಡಿಸುವುದು. ವೀರ್ಯ ಹೊರಬಂದ ಒಂದು ಗಂಟೆಯೊಳಗೆ ಈ ಕೆಲಸ ಆರಂಭವಾಗಬೇಕು.

ವಿಧಾನಗಳ ವಿಚಾರಕ್ಕೆ ಬರುವ ಮುನ್ನ, ಅವುಗಳಿಗಿಂತಲೂ ಫಲಿತಾಂಶವನ್ನು ಹೆಚ್ಚು ಬದಲಿಸಬಲ್ಲ ಸಣ್ಣಪುಟ್ಟ ಸಂಗತಿಗಳನ್ನು ಹೇಳಬೇಕು. ಮಾದರಿ ಕೊಡುವ ಮುನ್ನ 2ರಿಂದ 7 ದಿನಗಳ ಅಂತರ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಹೆಚ್ಚು ದಿನ ತಡೆದಷ್ಟೂ ಒಳ್ಳೆಯದೆಂದು ಭಾವಿಸಿ ಹತ್ತು ಹನ್ನೆರಡು ದಿನ ಕಾಯುವವರನ್ನು ನಾನು ಆಗಾಗ ಕಾಣುತ್ತೇನೆ. ಹಾಗೆ ಮಾಡಿದರೆ ಸಂಖ್ಯೆ ಏರಬಹುದು, ಆದರೆ ಅದರಲ್ಲಿ ಹಳತಾಗಿ ಬಸವಳಿದ ವೀರ್ಯಾಣುಗಳ ಪಾಲೂ ಏರುತ್ತದೆ. ಸ್ಖಲನದ ಮೊದಲ ಭಾಗದಲ್ಲಿಯೇ ವೀರ್ಯಾಣುಗಳು ಅತಿ ಹೆಚ್ಚು ಇರುವುದರಿಂದ ಆರಂಭದ ಹನಿಗಳು ಹೊರಗೆ ಚೆಲ್ಲಿದ್ದರೆ ಅದನ್ನು ಸಂಕೋಚವಿಲ್ಲದೆ ಸಿಬ್ಬಂದಿಗೆ ತಿಳಿಸಬೇಕು. ಮನೆಯಲ್ಲಿ ಸಂಗ್ರಹಿಸಿ ತರುವುದಾದರೆ ಡಬ್ಬಿಯನ್ನು ಮೈಗೆ ತಾಗಿಸಿಕೊಂಡು, ದೇಹದ ಬಿಸುಪಿನಲ್ಲಿಯೇ ತರಬೇಕು. ತಣ್ಣನೆಯ ಗಾಳಿಗೂ ಬಿಸಿಲಿಗೂ ಒಡ್ಡಬಾರದು. ಸಾಮಾನ್ಯ ಕಾಂಡೋಮ್‌ಗಳಲ್ಲಿಯೂ ಬಹುತೇಕ ಜಾರಕ ಜೆಲ್‌ಗಳಲ್ಲಿಯೂ ವೀರ್ಯಾಣುಗಳಿಗೆ ಮಾರಕವಾದ ವಸ್ತುಗಳಿರುವುದರಿಂದ ಅವುಗಳನ್ನು ಬಳಸಬಾರದು.

ಹೊರಬಂದ ಕೂಡಲೇ ವೀರ್ಯ ಹೆಪ್ಪುಗಟ್ಟಿದಂತೆ ಗಟ್ಟಿಯಾಗಿರುತ್ತದೆ, ನಂತರ 15ರಿಂದ 30 ನಿಮಿಷಗಳಲ್ಲಿ ತಾನಾಗಿಯೇ ನೀರಾಗುತ್ತದೆ. ಅದಕ್ಕೆ ಕಾಯಲೇಬೇಕು. ಕೆಲವರ ವೀರ್ಯ ಒಂದು ಗಂಟೆಯಾದರೂ ಎಳೆ ಎಳೆಯಾಗಿ ಅಂಟುತ್ತಿರುತ್ತದೆ. ಅಂಥದ್ದನ್ನು ಪೋಷಕ ದ್ರಾವಣದೊಂದಿಗೆ ಬೆರೆಸಿ, ಅಗಲ ಬಾಯಿಯ ಪಿಪೆಟ್‌ನಲ್ಲಿ ಮೆಲ್ಲಗೆ ಎಳೆದು ಬಿಡುತ್ತಾ ತಿಳಿಗೊಳಿಸಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವ ವಿಧಾನವೂ ಸರಿಯಾಗಿ ನಡೆಯುವುದಿಲ್ಲ, ಏಕೆಂದರೆ ಅಂಟಿನಲ್ಲಿ ಸಿಕ್ಕಿದ ವೀರ್ಯಾಣು ಮೇಲಕ್ಕೂ ಈಜದು, ಕೆಳಕ್ಕೂ ಇಳಿಯದು.

ಎಲ್ಲಕ್ಕಿಂತ ಹಳೆಯದು ಸರಳ ತೊಳೆಯುವಿಕೆ. ವೀರ್ಯಕ್ಕೆ ಪೋಷಕ ದ್ರಾವಣವನ್ನು ಸೇರಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಉಳಿಸಿಕೊಂಡು ಮೇಲಿನ ದ್ರವವನ್ನು ಚೆಲ್ಲುವುದು ಇದರ ಕ್ರಮ. ದ್ರವಭಾಗ ಹೋಗುತ್ತದೆ, ಆದರೆ ಸತ್ತವು, ಬಿಳಿ ರಕ್ತಕಣಗಳು, ಚೂರುಗಳು ಎಲ್ಲವೂ ಒಳ್ಳೆಯ ವೀರ್ಯಾಣುಗಳ ಜೊತೆಯಲ್ಲಿಯೇ ಗಸಿಯಲ್ಲಿ ಒತ್ತಿಕೊಂಡು ಕೂರುತ್ತವೆ. ಹೀಗೆ ಶೋಧಿಸದ ವೀರ್ಯವನ್ನು ತಿರುಗಿಸಿ ಗಸಿಯಾಗಿಸಿದಾಗ ಉಗ್ರ ಆಮ್ಲಜನಕದ ಕಣಗಳು ಒಮ್ಮೆಲೇ ಹೆಚ್ಚಿ ವೀರ್ಯಾಣುಗಳ ಫಲೀಕರಣದ ಸಾಮರ್ಥ್ಯ ಕುಗ್ಗುತ್ತದೆ ಎಂದು 1988ರಲ್ಲಿ ಏಟ್ಕೆನ್ ಮತ್ತು ಕ್ಲಾರ್ಕ್‌ಸನ್ ತೋರಿಸಿಕೊಟ್ಟರು. ನಮ್ಮ ಕೆಲಸದ ರೀತಿಯನ್ನು ಇಷ್ಟು ಆಳವಾಗಿ ಬದಲಿಸಿದ ಅಧ್ಯಯನಗಳು ಕಡಿಮೆ. ಆದ್ದರಿಂದ ಸರಳ ತೊಳೆಯುವಿಕೆ ಈಗ ಬಹುತೇಕ ಗುಣಮಟ್ಟ ಚೆನ್ನಾಗಿರುವ ಮಾದರಿಗಳಿಗೆ ಸೀಮಿತವಾಗಿದೆ.

ಸ್ವಿಮ್-ಅಪ್ ಹೆಸರೇ ಹೇಳುವಂತೆ ವೀರ್ಯಾಣುವಿನ ಸ್ವಂತ ಬಲವನ್ನು ನಂಬಿದ ವಿಧಾನ. ಸುಮಾರು 1 ಮಿ.ಲೀ. ವೀರ್ಯದ ಮೇಲೆ 1.2 ಮಿ.ಲೀ. ಪೋಷಕ ದ್ರಾವಣವನ್ನು ಎರಡೂ ಬೆರೆಯದಂತೆ ನಿಧಾನವಾಗಿ ಹರಡುತ್ತಾರೆ. ನಡುವಿನ ಗೆರೆ ಅಗಲವಾಗಲೆಂದು ಕೊಳವೆಯನ್ನು 45 ಡಿಗ್ರಿ ಓರೆಯಾಗಿಟ್ಟು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಡುತ್ತಾರೆ. ಬಲವುಳ್ಳವು ವೀರ್ಯದಿಂದ ಹೊರಟು ಮೇಲಿನ ದ್ರಾವಣಕ್ಕೆ ಈಜಿ ಬರುತ್ತವೆ. ಮೇಲಿನ 1 ಮಿ.ಲೀ.ಯನ್ನು ಮಾತ್ರ ಜೋಪಾನವಾಗಿ ತೆಗೆದು, ಹೊಸ ದ್ರಾವಣ ಸೇರಿಸಿ, ಐದು ನಿಮಿಷ ಮೃದುವಾಗಿ ತಿರುಗಿಸಿ ಸಾಂದ್ರಗೊಳಿಸುತ್ತಾರೆ. ಇಲ್ಲಿಯೂ ಕೊನೆಗೆ ಗಸಿ ಮಾಡುವುದುಂಟಲ್ಲ ಎಂದು ನೀವು ಕೇಳಬಹುದು. ಆ ಹೊತ್ತಿಗೆ ಹಾನಿ ಮಾಡುವ ಕಣಗಳು ಹಿಂದೆಯೇ ಉಳಿದಿರುವುದರಿಂದ ಈ ಗಸಿಯಿಂದ ಆಗುವ ಅಪಾಯ ಬಹಳ ಕಡಿಮೆ. ಕೆಲವೆಡೆ ಇಡೀ ವೀರ್ಯವನ್ನೇ ಮೊದಲು ತಿರುಗಿಸಿ ಗಸಿ ಮಾಡಿ, ಅದರಿಂದ ಸ್ವಿಮ್-ಅಪ್ ಮಾಡುವ ಹಳೆಯ ಪದ್ಧತಿ ಇನ್ನೂ ಉಳಿದಿದೆ. ಮೇಲೆ ಹೇಳಿದ ಕಾರಣದಿಂದ ಅದನ್ನು ನಾನು ಒಪ್ಪುವುದಿಲ್ಲ. ಸ್ವಿಮ್-ಅಪ್‌ನಿಂದ ಸಿಗುವ ವೀರ್ಯಾಣುಗಳು ಬಹಳ ಶುದ್ಧವಾಗಿರುತ್ತವೆ, ಆದರೆ ಸಂಖ್ಯೆ ಕಡಿಮೆ. ಸಂಖ್ಯೆ ಮತ್ತು ಚಲನೆ ಎರಡೂ ಚೆನ್ನಾಗಿರುವ ಮಾದರಿಗೆ ಇದು ಹೇಳಿ ಮಾಡಿಸಿದಂತಿದೆ. ಈಜುವವೇ ವಿರಳವಾಗಿರುವ ಮಾದರಿಯಲ್ಲಿ ಒಂದು ಗಂಟೆ ಕಾದರೂ ಮೇಲೆ ಬರುವವು ಬೆರಳೆಣಿಕೆಯಷ್ಟೇ.

ನಿಮಗೆ ಬಳಸಿದ ಡೆನ್ಸಿಟಿ ಗ್ರೇಡಿಯೆಂಟ್ ವಿಧಾನದಲ್ಲಿ ಆಯ್ಕೆಯ ಆಧಾರವೇ ಬೇರೆ. ಮೊರದಲ್ಲಿ ಕೇರಿದಾಗ ಜೊಳ್ಳು ಹಾರಿ ಗಟ್ಟಿಕಾಳು ಉಳಿಯುವಂತೆ, ಇಲ್ಲಿ ವೀರ್ಯಾಣುವಿನ ಸಾಂದ್ರತೆಯೇ ಅದನ್ನು ಬೇರ್ಪಡಿಸುತ್ತದೆ. ಬಲಿತ ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿದ್ದು, ಹೆಚ್ಚುವರಿ ಜೀವರಸ ಕಳಚಿಹೋಗಿರುವುದರಿಂದ ಅದರ ಸಾಂದ್ರತೆ ಮಿ.ಲೀ.ಗೆ 1.10 ಗ್ರಾಂ ಅಥವಾ ಅದಕ್ಕೂ ಹೆಚ್ಚು, ಬಲಿಯದವುಗಳದ್ದು 1.06ರಿಂದ 1.09 ಗ್ರಾಂ. ಸಿಲಿಕಾದ ಅತಿಸೂಕ್ಷ್ಮ ಕಣಗಳಿರುವ ದ್ರಾವಣವನ್ನು ಎರಡು ಹದದಲ್ಲಿ ಸಿದ್ಧಪಡಿಸಿ, ಶೇ. 80ರ ದಟ್ಟ ಪದರವನ್ನು ಕೊಳವೆಯ ತಳದಲ್ಲಿಯೂ ಶೇ. 40ರ ತಿಳಿ ಪದರವನ್ನು ಅದರ ಮೇಲೂ ಹಾಕುತ್ತಾರೆ. ಎಲ್ಲಕ್ಕೂ ಮೇಲೆ ವೀರ್ಯವನ್ನು ಹರಡಿ, ಗುರುತ್ವದ 300ರಿಂದ 400 ಪಟ್ಟು ಬಲದಲ್ಲಿ 15ರಿಂದ 30 ನಿಮಿಷ ತಿರುಗಿಸುತ್ತಾರೆ. ದ್ರವಭಾಗ ಮೇಲೆಯೇ ನಿಲ್ಲುತ್ತದೆ; ಬಿಳಿ ರಕ್ತಕಣಗಳು, ಸತ್ತವು ಮತ್ತು ಬಲಿಯದವು ಹೆಚ್ಚಾಗಿ ಎರಡು ಪದರಗಳು ಕೂಡುವ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತವೆ; ಬಲಿತು ಚುರುಕಾಗಿರುವ ವೀರ್ಯಾಣುಗಳು ದಟ್ಟ ಪದರವನ್ನೂ ದಾಟಿ ತಳ ಸೇರುತ್ತವೆ.

ಈ ವಿಧಾನದ ಯಶಸ್ಸು ನಿಂತಿರುವುದು ಇದರ ಮುಂದಿನ ಕ್ಷಣದಲ್ಲಿ. ತಳದ ಗಸಿಯನ್ನು ತೆಗೆಯುವಾಗ ಮೇಲಿನ ಪದರಗಳ ಕೊಳೆ ಒಂದಿಷ್ಟೂ ಅದಕ್ಕೆ ತಾಗಬಾರದು. ಮೇಲಿನವನ್ನು ಪದರ ಪದರವಾಗಿ ಹೀರಿ ತೆಗೆದು, ನಂತರ ಹೊಸ ಪಿಪೆಟ್‌ನಿಂದ ಗಸಿಯನ್ನು ಎತ್ತಿ, ಹೊಸ ಕೊಳವೆಗೆ ಹಾಕಿ ತೊಳೆಯಬೇಕು. ಅದೇ ಪಿಪೆಟ್, ಅದೇ ಕೊಳವೆ ಬಳಸಿದರೆ ಇಷ್ಟು ಹೊತ್ತು ಬೇರ್ಪಡಿಸಿದ್ದನ್ನೇ ಮತ್ತೆ ಬೆರೆಸಿದಂತಾಗುತ್ತದೆ. ಹೊಸದಾಗಿ ಕೆಲಸ ಕಲಿಯುವವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬಾರಿ ಮಾಡಿ ತೋರಿಸುವುದು ಈ ಒಂದು ಹಂತವನ್ನೇ.

ಇಲ್ಲಿ ಬಳಸುವ ಸಿಲಿಕಾದ ಕಥೆಯನ್ನು ಚುಟುಕಾಗಿ ಹೇಳಬಹುದು. ಮೊದಲು ಎಲ್ಲೆಡೆ ಬಳಕೆಯಲ್ಲಿದ್ದದ್ದು ಪರ್ಕಾಲ್ ಎಂಬ ದ್ರಾವಣ. ಅದನ್ನು ಸಂಶೋಧನೆಗೆ ಮಾತ್ರ ಬಳಸಬೇಕೆಂದು, ಮಾನವ ಚಿಕಿತ್ಸೆಗೆ ಬಳಸಬಾರದೆಂದು 1996ರಲ್ಲಿ ತಯಾರಕರೇ ತಿಳಿಸಿದ ಮೇಲೆ, ಸಿಲೇನ್ ಲೇಪಿತ ಸಿಲಿಕಾ ಕಣಗಳ ದ್ರಾವಣಗಳು ಅದರ ಸ್ಥಾನಕ್ಕೆ ಬಂದವು. ಇಂದು ನಿಮ್ಮ ಪತಿಯ ಮಾದರಿಯಂಥವಕ್ಕೆ ಬಳಸುವುದು ಇವುಗಳನ್ನೇ.

ಯಂತ್ರದ ವಿಚಾರದಲ್ಲಿ ಒಂದು ಅನುಭವವನ್ನು ಹಂಚಿಕೊಳ್ಳಬೇಕು. ನಾನು ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ನಮ್ಮ ಪ್ರಯೋಗಾಲಯದ ಸೆಂಟ್ರಿಫ್ಯೂಜ್ ಕೆಟ್ಟು ಹೊಸದು ಬಂತು. ಹಳೆಯದರಲ್ಲಿ ನಿಮಿಷಕ್ಕೆ 1,500 ಸುತ್ತು ತಿರುಗಿಸುತ್ತಿದ್ದೆವು, ಹೊಸದರಲ್ಲಿಯೂ ಹಾಗೆಯೇ ಮುಂದುವರಿಸಿದೆವು. ಕೆಲವು ವಾರಗಳಲ್ಲಿ ತಳದ ಗಸಿಯಲ್ಲಿ ಸತ್ತವೂ ಬಿಳಿ ಕಣಗಳೂ ಹೆಚ್ಚಾಗಿ ಕಾಣತೊಡಗಿದವು. ಕಾರಣ ಸರಳವಾಗಿತ್ತು: ಬೀಳುವ ಬಲ ಸುತ್ತುಗಳನ್ನು ಮಾತ್ರವಲ್ಲ, ತಿರುಗುವ ತೋಳಿನ ಉದ್ದವನ್ನೂ ಅವಲಂಬಿಸಿದೆ. ತೋಳು 10 ಸೆಂ.ಮೀ. ಇದ್ದಾಗ 1,500 ಸುತ್ತಿಗೆ ಗುರುತ್ವದ ಸುಮಾರು 250 ಪಟ್ಟು ಬಲ ಬೀಳುತ್ತದೆ, 18 ಸೆಂ.ಮೀ. ಆದರೆ ಅದೇ ಸುತ್ತಿಗೆ ಸುಮಾರು 450 ಪಟ್ಟು. ನಾವು ತಿಳಿಯದೆಯೇ ಬಲವನ್ನು ಬಹುತೇಕ ಇಮ್ಮಡಿಗೊಳಿಸಿ, ಜೊಳ್ಳನ್ನೂ ತಳಕ್ಕೆ ತಳ್ಳುತ್ತಿದ್ದೆವು. ಅಂದಿನಿಂದ ನಾನು ಯಾವ ವಿಧಾನ ಬಳಸುತ್ತೀರಿ ಎಂದು ಕೇಳುವುದಕ್ಕಿಂತ ಅದನ್ನು ಹೇಗೆ ಬಳಸುತ್ತೀರಿ ಎಂಬುದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ದ್ರಾವಣದ ಆಯ್ಕೆಯೂ ಅಂಥದ್ದೇ. ಬೈಕಾರ್ಬೊನೇಟ್ ಆಧಾರಿತ ದ್ರಾವಣವಾದರೆ ಶೇ. 5ರಿಂದ 6ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಕೊಳವೆಯ ಮುಚ್ಚಳ ಸಡಿಲಿಸಿ ಇಡಬೇಕು. ಆಮ್ಲೀಯತೆಯನ್ನು ಸ್ಥಿರವಾಗಿಡುವ ಹೆಪೀಸ್ ಎಂಬ ರಾಸಾಯನಿಕ ಇರುವ ದ್ರಾವಣವಾದರೆ ಸಾಮಾನ್ಯ ಗಾಳಿಯಲ್ಲಿ ಮುಚ್ಚಳ ಬಿಗಿದು ಇಡಬೇಕು. ಇವೆರಡು ಅದಲು ಬದಲಾದರೆ ದ್ರಾವಣದ ಆಮ್ಲೀಯತೆ ಏರುಪೇರಾಗಿ, ಎಷ್ಟೇ ಚೆನ್ನಾಗಿ ಆರಿಸಿದ ವೀರ್ಯಾಣುಗಳೂ ಸೊರಗುತ್ತವೆ.

ಹಾಗಾದರೆ ಸ್ವಿಮ್-ಅಪ್ ಮತ್ತು ಗ್ರೇಡಿಯೆಂಟ್‌ಗಳಲ್ಲಿ ಯಾವುದು ಮೇಲು? ಐಯುಐಗೆ ಸಂಬಂಧಿಸಿದಂತೆ ಈ ಎರಡನ್ನೂ ಸರಳ ತೊಳೆಯುವಿಕೆಯನ್ನೂ ಹೋಲಿಸಿದ ಪ್ರಯೋಗಗಳನ್ನು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಗರ್ಭಧಾರಣೆಯ ದೃಷ್ಟಿಯಿಂದ ಯಾವುದಾದರೂ ಒಂದನ್ನು ಶ್ರೇಷ್ಠವೆಂದು ಶಿಫಾರಸು ಮಾಡಲು ಸಾಕಷ್ಟು ಆಧಾರ ಸಿಗಲಿಲ್ಲ. ಆದ್ದರಿಂದ ಮಾದರಿಯ ಸ್ವರೂಪವೇ ವಿಧಾನವನ್ನು ನಿರ್ಧರಿಸಬೇಕು. ಸಂಖ್ಯೆಯೂ ಚಲನೆಯೂ ಹೇರಳವಾಗಿದ್ದರೆ ಸ್ವಿಮ್-ಅಪ್ ಸಾಕು. ಸಂಖ್ಯೆ ಕಡಿಮೆ, ಚೂರುಗಳು ಹೆಚ್ಚು, ಬಿಳಿ ಕಣಗಳು ಹೆಚ್ಚು ಎಂದಾಗ ಗ್ರೇಡಿಯೆಂಟ್ ವಾಸಿ. ನಿಮ್ಮ ಪತಿಯ ವರದಿ ಈ ಎರಡರ ನಡುವೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿಗಳು ಪ್ರಮಾಣಕ್ಕೆ 1.4 ಮಿ.ಲೀ., ಸಾಂದ್ರತೆಗೆ ಮಿ.ಲೀ.ಗೆ 16 ಮಿಲಿಯನ್, ಒಟ್ಟು ಸಂಖ್ಯೆಗೆ 39 ಮಿಲಿಯನ್, ಮುನ್ನಡೆಯುವ ಚಲನೆಗೆ ಶೇ. 30. ನಿಮ್ಮವರ ಎಲ್ಲ ಅಂಕಿಗಳೂ ಇವುಗಳಿಗಿಂತ ಮೇಲಿವೆ, ಆದರೆ ಚಲನೆ ತೀರಾ ಮೇಲಿಲ್ಲ. ನಾನಾಗಿದ್ದರೂ ಗ್ರೇಡಿಯೆಂಟನ್ನೇ ಆರಿಸುತ್ತಿದ್ದೆ. ಈ ಮಿತಿಗಳು ಫಲವತ್ತತೆಯನ್ನೂ ಬಂಜೆತನವನ್ನೂ ಬೇರ್ಪಡಿಸುವ ಗೆರೆಗಳಲ್ಲ ಎಂಬುದನ್ನು ಮಾತ್ರ ನೆನಪಿಡಿ. ಒಂದು ವರ್ಷದೊಳಗೆ ಸಹಜವಾಗಿ ತಂದೆಯಾದ ಪುರುಷರಲ್ಲಿ ಅತಿ ಕೆಳಗಿನ ಶೇ. 5ರಷ್ಟು ಮಂದಿಯನ್ನು ಬೇರ್ಪಡಿಸುವ ಗೆರೆಗಳು ಅವು.

ಈಗ ನೀವು ಕೇಳಿದ ಚಿಪ್. ಇದರಲ್ಲಿ ಕೂದಲೆಳೆಯಷ್ಟು ಸಪೂರ ಕಾಲುವೆಗಳು ಅಥವಾ ಸೂಕ್ಷ್ಮ ರಂಧ್ರಗಳ ಪೊರೆ ಇರುತ್ತದೆ. ಒಂದು ಕಡೆ ವೀರ್ಯವನ್ನು ಹಾಕಿದರೆ, ಚೆನ್ನಾಗಿ ಈಜುವ ವೀರ್ಯಾಣುಗಳು ಆ ಹಾದಿಯನ್ನು ದಾಟಿ ಇನ್ನೊಂದು ಕಡೆಯ ಶುದ್ಧ ದ್ರಾವಣ ಸೇರುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವ ಅಗತ್ಯವೇ ಇಲ್ಲದಿರುವುದು ಇದರ ದೊಡ್ಡ ಗುಣ. ಹೀಗೆ ಆರಿಸಿದ ವೀರ್ಯಾಣುಗಳಲ್ಲಿ ಡಿಎನ್‌ಎ ಛಿದ್ರವಾದವುಗಳ ಪಾಲು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ, ಅದು ನಂಬುವಂಥ ಮಾತೇ. ಆದರೆ ಮಗು ಹುಟ್ಟುವ ಪ್ರಮಾಣ ಇದರಿಂದ ಎಲ್ಲ ದಂಪತಿಗಳಲ್ಲಿಯೂ ಏರುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಡಿಎನ್‌ಎ ಛಿದ್ರತೆ ಹೆಚ್ಚಿದೆ ಎಂದು ಪರೀಕ್ಷೆಯಲ್ಲಿ ಕಂಡುಬಂದಿದ್ದರೆ, ಅಥವಾ ಐವಿಎಫ್, ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವುದು) ಚಿಕಿತ್ಸೆಗಳು ಕಾರಣವಿಲ್ಲದೆ ಮತ್ತೆ ಮತ್ತೆ ವಿಫಲವಾಗಿದ್ದರೆ ವೈದ್ಯರೊಂದಿಗೆ ಚರ್ಚಿಸಿ ಇದನ್ನು ಪರಿಗಣಿಸಬಹುದು. ಮೊದಲ ಐಯುಐ ಆದ ಕೂಡಲೇ ಇದಕ್ಕೆ ಓಡಬೇಕಾಗಿಲ್ಲ.

ಹೊಸ ವಿಧಾನಗಳನ್ನು ತೂಗಿ ನೋಡುವ ಬಗೆಗೆ ಒಂದು ಒಳ್ಳೆಯ ನಿದರ್ಶನವಿದೆ. ಬಲಿತ ವೀರ್ಯಾಣುಗಳು ಹಯಾಲುರೊನಿಕ್ ಆಮ್ಲಕ್ಕೆ ಅಂಟಿಕೊಳ್ಳುತ್ತವೆ ಎಂಬ ಗುಣವನ್ನು ಬಳಸಿ ಇಕ್ಸಿಗೆ ವೀರ್ಯಾಣುವನ್ನು ಆರಿಸುವ ಪಿಕ್ಸಿ ಎಂಬ ವಿಧಾನ ತರ್ಕಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೂರ್ಣಾವಧಿಯ ಹೆರಿಗೆಯ ಪ್ರಮಾಣ ಪಿಕ್ಸಿ ಗುಂಪಿನಲ್ಲಿ ಶೇ. 27.4, ಸಾಮಾನ್ಯ ಇಕ್ಸಿ ಗುಂಪಿನಲ್ಲಿ ಶೇ. 25.2 ಇತ್ತು, ಈ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಾಗಿರಲಿಲ್ಲ. ಗರ್ಭಪಾತ ಮಾತ್ರ ಪಿಕ್ಸಿ ಗುಂಪಿನಲ್ಲಿ ಕಡಿಮೆ ಕಂಡುಬಂದಿತು, ಹಾಗಾಗಿ ಆ ದಿಕ್ಕಿನಲ್ಲಿ ಅಧ್ಯಯನ ಮುಂದುವರಿಯಬೇಕಾಗಿದೆ. ಸಾಯಲು ಹೊರಟ ವೀರ್ಯಾಣುವಿನ ಹೊರಪೊರೆಯ ಮೇಲೆ ಕಾಣಿಸಿಕೊಳ್ಳುವ ಒಂದು ಕೊಬ್ಬಿನ ಅಣುವಿಗೆ ಅಯಸ್ಕಾಂತೀಯ ಕಣಗಳನ್ನು ಅಂಟಿಸಿ ಅಂಥವನ್ನು ಹಿಡಿದಿಡುವ ಮ್ಯಾಕ್ಸ್ ವಿಧಾನದ ಬಗೆಗೂ ನನ್ನ ಅಭಿಪ್ರಾಯ ಇದೇ: ಕಲ್ಪನೆ ಸೊಗಸಾಗಿದೆ, ಎಲ್ಲರಿಗೂ ಬೇಕೆನ್ನುವಷ್ಟು ಪುರಾವೆ ಇನ್ನೂ ಇಲ್ಲ.

ವಿಧಾನವನ್ನು ನಿರ್ಧರಿಸುವ ಇನ್ನೊಂದು ಅಂಶ, ಆ ವೀರ್ಯಾಣುಗಳು ಯಾವ ಚಿಕಿತ್ಸೆಗೆ ಎಂಬುದು. ಐಯುಐಗೆ ಮಿಲಿಯನ್‌ಗಳ ಲೆಕ್ಕದಲ್ಲಿ ಬೇಕು, ಏಕೆಂದರೆ ಅವು ಗರ್ಭಕೋಶದಿಂದ ನಾಳದ ತುದಿಯವರೆಗೆ ತಾವೇ ಈಜಬೇಕು. ಐವಿಎಫ್‌ನಲ್ಲಿ ಅಂಡಾಣು ಇರುವ ತಟ್ಟೆಯಲ್ಲಿಯೇ ಅವನ್ನು ಬಿಡುವುದರಿಂದ ಒಂದು ಅಂಡಾಣುವಿಗೆ 50 ಸಾವಿರದಿಂದ 1 ಲಕ್ಷದಷ್ಟು ಸಾಕು. 1992ರಲ್ಲಿ ಬ್ರಸೆಲ್ಸ್‌ನಿಂದ ಮೊದಲು ವರದಿಯಾದ ಇಕ್ಸಿಯಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು. ಅಲ್ಲಿ ತೊಳೆಯುವುದರ ಗುರಿಯೇ ಬೇರೆಯಾಗುತ್ತದೆ: ಸಂಖ್ಯೆಯಲ್ಲ, ಸೂಕ್ಷ್ಮದರ್ಶಕದ ಕೆಳಗೆ ಒಂದನ್ನು ನೋಡಿ ಆರಿಸಲು ಬೇಕಾದ ಶುಚಿತ್ವ.

ಕೆಲವು ಮಾದರಿಗಳಿಗೆ ಪ್ರತ್ಯೇಕ ದಾರಿಯೇ ಬೇಕು. ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವ ಪುರುಷರಿಗೆ ಮೊದಲೇ ಸೋಡಿಯಂ ಬೈಕಾರ್ಬೊನೇಟ್ ಕುಡಿಸಿ ಮೂತ್ರದ ಆಮ್ಲೀಯತೆಯನ್ನು ತಗ್ಗಿಸಿ, ಸ್ಖಲನದ ನಂತರದ ಮೂತ್ರದಿಂದ ತಡಮಾಡದೆ ವೀರ್ಯಾಣುಗಳನ್ನು ಬೇರ್ಪಡಿಸುತ್ತಾರೆ. ವೃಷಣದಿಂದ ಶಸ್ತ್ರಚಿಕಿತ್ಸೆಯ ಮೂಲಕ ತೆಗೆದ ಅಂಗಾಂಶವನ್ನು ಸಣ್ಣಗೆ ಬಿಡಿಸಿ ಅಥವಾ ಕೊಲ್ಯಾಜಿನೇಸ್ ಕಿಣ್ವದಿಂದ ಕರಗಿಸಿ ಹುಡುಕಬೇಕಾಗುತ್ತದೆ. ಅಲ್ಲಿ ಸಿಗುವವು ಬಹುತೇಕ ಈಜದಿರುವುದರಿಂದ ಸ್ವಿಮ್-ಅಪ್‌ಗೆ ಅರ್ಥವೇ ಇಲ್ಲ, ಅವನ್ನು ಇಕ್ಸಿಗೆ ಮಾತ್ರ ಬಳಸಬಹುದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿದ್ದ ಮಾದರಿಯನ್ನು ಕರಗಿಸಿದ ಮೇಲೆ ಶೈತ್ಯದಿಂದ ಕಾಪಾಡಲು ಅದಕ್ಕೆ ಸೇರಿಸಿದ್ದ ಗ್ಲಿಸರಾಲನ್ನು ತೆಗೆಯಬೇಕು, ಆದರೆ ಪೋಷಕ ದ್ರಾವಣವನ್ನು ಹನಿ ಹನಿಯಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ ನೀರು ಒಳನುಗ್ಗಿ ವೀರ್ಯಾಣುಗಳು ಉಬ್ಬಿ ಹಾಳಾಗುತ್ತವೆ. ಎಚ್‌ಐವಿ ಇರುವ ಪುರುಷರ ವೀರ್ಯವನ್ನು ಗ್ರೇಡಿಯೆಂಟ್, ನಂತರ ಸ್ವಿಮ್-ಅಪ್ ಎರಡರಿಂದಲೂ ಶೋಧಿಸಿ ಸೋಂಕಿಲ್ಲದ ಪತ್ನಿಯರಿಗೆ ಬಳಸಿದ ಅನುಭವವನ್ನು ಇಟಲಿಯ ಸೆಂಪ್ರಿನಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ಸಾವಿರಾರು ದಂಪತಿಗಳಿಗೆ ತಂದೆತಾಯಿಯಾಗುವ ಬಾಗಿಲು ತೆರೆದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ನೀವು ಕೇಳದಿದ್ದರೂ ಅನೇಕರು ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇನೆ: ಇಲ್ಲಿ ಹೇಳಿದ ಯಾವ ವಿಧಾನವೂ ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದನ್ನು ಬದಲಿಸುವುದಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮುಂದಿನ ಬಾರಿ ನೀವು ವಿಧಾನದ ಹೆಸರನ್ನು ಹಿಡಿದು ಕೇಳುವ ಅಗತ್ಯವಿಲ್ಲ. ವೀರ್ಯ ಕೊಟ್ಟ ಸಮಯಕ್ಕೂ ತೊಳೆಯಲು ಆರಂಭಿಸಿದ ಸಮಯಕ್ಕೂ ಎಷ್ಟು ಅಂತರವಿತ್ತು, ತೊಳೆದಾದ ಮೇಲೆ ಗರ್ಭಕೋಶಕ್ಕೆ ಸೇರಿಸುವವರೆಗೆ ಎಷ್ಟು ಹೊತ್ತಾಯಿತು, ಡಬ್ಬಿಯ ಮೇಲಿನ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ಪ್ರತಿ ಹಂತದಲ್ಲಿಯೂ ಇಬ್ಬರು ಪರಿಶೀಲಿಸಿ ಸಹಿ ಮಾಡುತ್ತಾರೆಯೇ, ಮೂಲ ವೀರ್ಯದಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವೇ ಎಂದು ಕೇಳಿ. ಒಳ್ಳೆಯ ಪ್ರಯೋಗಾಲಯದವರು ಇವಕ್ಕೆ ಬೇಸರಪಡದೆ ಉತ್ತರಿಸುತ್ತಾರೆ. ವರದಿಯಲ್ಲಿ ತೊಳೆದ ನಂತರದ ಒಟ್ಟು ಚಲನಶೀಲ ವೀರ್ಯಾಣುಗಳ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದುಕೊಡಲು ಹೇಳಿ; ಪ್ರತಿ ಬಾರಿಯೂ ಹೋಲಿಸಬೇಕಾದ ಅಂಕಿ ಅದೊಂದೇ. ಅದು 1 ಮಿಲಿಯನ್‌ಗಿಂತ ಕೆಳಗಿಳಿದರೆ ಐಯುಐ ಫಲಿಸುವ ಸಾಧ್ಯತೆ ಬಹಳ ಕುಗ್ಗುವುದರಿಂದ ಆಗ ಐವಿಎಫ್ ಅಥವಾ ಇಕ್ಸಿಯ ಮಾತು ಬರುತ್ತದೆ. ನಿಮ್ಮವರದ್ದು 6.4 ಮಿಲಿಯನ್. ಒಂದೇ ಪುರುಷನಲ್ಲಿಯೂ ಈ ಅಂಕಿ ಒಂದು ತಿಂಗಳಿಂದ ಇನ್ನೊಂದಕ್ಕೆ ಸಾಕಷ್ಟು ಏರಿಳಿಯುತ್ತದೆ, ಆದ್ದರಿಂದ ಒಂದು ವರದಿಯನ್ನು ಹಿಡಿದು ಕೊರಗಬೇಡಿ. ಮುಂದಿನ ಬಾರಿ ಎರಡು ಅಥವಾ ಮೂರು ದಿನಗಳ ಅಂತರವನ್ನಷ್ಟೇ ಇಟ್ಟುಕೊಂಡು, ಸಾಧ್ಯವಾದರೆ ಆಸ್ಪತ್ರೆಯಲ್ಲಿಯೇ ಮಾದರಿ ಕೊಟ್ಟು, ಅದೇ ಗ್ರೇಡಿಯೆಂಟ್ ವಿಧಾನವನ್ನೇ ಮುಂದುವರಿಸಿ. ವೀರ್ಯಾಣು ರೂಪುಗೊಂಡು ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ನಿಮ್ಮ ಪತಿಗೆ ಕಳೆದ ಎರಡು ಮೂರು ತಿಂಗಳಲ್ಲಿ ತೀವ್ರವಾದ ಜ್ವರ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕೆಲವೊಮ್ಮೆ ಚಲನೆ ತಗ್ಗಿದ್ದರ ಕಾರಣ ಅಲ್ಲಿಯೇ ಸಿಗುತ್ತದೆ.